ದೂರದ ಧೂಳಿಗೆ ಮರ್ಯಾದೆ

ಮಾರ್ಚ್ 3, ಬೆಳಿಗ್ಗೆ

ಮಾಲಿನ್ಯ ನಿಯಂತ್ರಣ ಆಫೀಸಿನ ತಾರಸಿ ಹತ್ತಿ, ಗಾಳಿಯ ಧೂಳು ಹಿಡಿಯುವ ಮಷಿನ್ನಿನ ಕಾಗದ ಬದಲಿಸಿದೆ. ಬಿಳಿ ಹಾಕಿದ್ದು ಬೂದಿ ಬಣ್ಣವಾಗಿತ್ತು. ಎದುರಿನ ಕಲ್ಲು ಕ್ರಷರಿನ ಕೃಪೆ. ಲಕೋಟೆಗೆ ತುಂಬಿ, ತಾರೀಕು ಬರೆದು, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೆಳಗೆ ಎ.ಸಿ. ರೂಮಿನಲ್ಲಿ ತಂಗಿ ಉಪಗ್ರಹದ ಚಿತ್ರ ನೋಡುತ್ತಾಳೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅವಳು ಮೇಡಂ. ನಾನು ‘ತಾರಸಿಯಕ್ಕ’.

ಮಾರ್ಚ್ 9

ಮರುಭೂಮಿಯ ಧೂಳು ಬಂತು. ಸಮುದ್ರ ದಾಟಿಕೊಂಡು. ಆಕಾಶವೆಲ್ಲ ಕೆಂಪು. ಬರುತ್ತದೆಂದು ತಂಗಿ ಮೊದಲೇ ಹೇಳಿದ್ದಳಂತೆ. ಟಿ.ವಿ.ಯವರು ಅವಳ ಮುಂದೆ ಮೈಕು ಹಿಡಿದರು. ನನಗೆ, “ಸ್ವಲ್ಪ ಪಕ್ಕಕ್ಕೆ ಹೋಗಮ್ಮ, ಅಡ್ಡ ಬರ್ತಿದೀಯ.”

ಧೂಳಿನಲ್ಲೂ ಮೇಲು ಕೀಳು. ದೂರದ್ದಕ್ಕೆ ಭೂಪಟ, ಬಣ್ಣ, ಮೈಕು. ನನ್ನ ಗಂಡ ಕ್ರಷರಿನಲ್ಲಿ ದಿನಾ ನುಂಗುವ ಧೂಳಿನ ಬಗ್ಗೆ ಒಬ್ಬನಾದರೂ ಕೇಳಿದನೇ?

ಮಾರ್ಚ್ 12

ಇಪ್ಪತ್ತಕ್ಕೆ ಕ್ರಷರಿನ ವಿಚಾರಣೆ. ಅಲ್ಲಿಯವರೆಗೆ ಬಂದ್. ದೂರು ಕೊಟ್ಟಿರುವ ನಮ್ಮ ಊರಿನ ಸಮಿತಿ ಕೇಳುವುದಿಷ್ಟು: ಕಲ್ಲಿಗೆ ನೀರು ಚಿಮ್ಮಿಸಿ, ಜಲ್ಲಿ ಸಾಗಿಸುವ ಬೆಲ್ಟ್ ಮುಚ್ಚಿ. ವರದಿ ಬರೆಯುವವಳು ತಂಗಿ. ಇವತ್ತು ತಾರಸಿಗೇ ಬಂದಳು.

“ಅಕ್ಕಾ, ಬಿರುಗಾಳಿಗೆ ಮುಂಚಿನ ಕಾಗದ ಕೊಡೇ. ಅದನ್ನ ಪಕ್ಕದಲ್ಲಿಟ್ಟರೆ ತಾನೇ ಮರುಭೂಮಿದು ಎಷ್ಟು, ಕ್ರಷರ್‌ದು ಎಷ್ಟು ಅಂತ ಗೊತ್ತಾಗೋದು.”

“ವರದೀಲಿ ಯಾರ ಹೆಸರಿರುತ್ತೆ?”

“ನಂದು. ಯಾಕೆ?”

ಹೊಟ್ಟೆಗೆ ಬೆಂಕಿ ಬಿತ್ತು. ಬಿಸಿಲಿನಲ್ಲಿ ಹತ್ತಿ ಇಳಿಯುವವಳು ನಾನು...

“ಒದ್ದೆಯಾಗಿ ಹಾಳಾದವು,” ಅಂದೆ.

ವಿಚಾರಣೆಯಲ್ಲಿ ಅವಳು ತೊದಲಲಿ. ಆಗ ನಾನು ಎದ್ದು ನಿಲ್ಲುತ್ತೇನೆ, ಕಾಗದ ಹಿಡಿದು. ಎಲ್ಲರೂ ನೋಡಲಿ.

ಮಾರ್ಚ್ 20

ಯಾರೂ ತೊದಲಲಿಲ್ಲ. ಬಾಗಿಲು ಹಾಕಿಕೊಂಡು ವಿಚಾರಣೆ ಮುಗಿಸಿದರು. ನಮ್ಮನ್ನು ಒಳಗೇ ಬಿಡಲಿಲ್ಲ. ತಂಗಿಯ ಬಳಿ ಇದ್ದದ್ದು ಬಿರುಗಾಳಿ ದಿನದ ಕಾಗದ ಮಾತ್ರ — ಅದರ ತುಂಬ ಮರುಭೂಮಿ. ಕ್ರಷರ್ ಧೂಳಿಗೆ ಪುರಾವೆ ಇಲ್ಲವಂತೆ. ನೀರೂ ಬೇಡ, ಮುಚ್ಚುವುದೂ ಬೇಡ, ಕ್ರಷರ್ ಶುರು. ಮಾಲೀಕ ಗೇಟಿನಲ್ಲಿ ನಿಂತು ನಕ್ಕ. “ಹೋಗಿ, ಮರುಭೂಮಿ ಮುಂದೆ ಧರಣಿ ಕೂತ್ಕೊಳ್ಳಿ.”

ಕಾಗದಗಳು ನನ್ನ ಚೀಲದಲ್ಲೇ ಇದ್ದವು.

ಮಾರ್ಚ್ 24

ಗಂಡನಿಗೆ ಕೆಲಸಕ್ಕೆ ಕರೆ. ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡ.

“ಏನೇ ಹಾಗೆ ನೋಡ್ತೀಯ? ಫಾರಿನ್ ಧೂಳಂತೆ. ನಮಗೆ ಬಿಟ್ಟಿ.”

ನಗಲು ಹೋಗಿ ಕೆಮ್ಮು ಬಂತು. ಗೋಡೆ ಹಿಡಿದುಕೊಂಡು ನಿಂತ. ಆಮೇಲೆ ಹೋದ.

ಅದೇ ದಿನ, ಸಂಜೆ

ಲಕೋಟೆಗಳನ್ನೆಲ್ಲ ತಂಗಿಯ ಮೇಜಿನ ಮೇಲೆ ಸುರಿದೆ. ಒಂದನ್ನು ಬಿಚ್ಚಿ ಮುಟ್ಟಿ ನೋಡಿದಳು.

“ಒದ್ದೆಯಾಗೇ ಇಲ್ವಲ್ಲೇ.”

“ಇಲ್ಲ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮತ್ತೆ ವಿಚಾರಣೆ ಕೇಳಬೇಕಂದ್ರೆ, ಇವನ್ನ ಯಾರು ಮುಚ್ಚಿಟ್ಟಿದ್ರು ಅಂತ ಬರೀಬೇಕು. ನಿನ್ನ ಕೆಲಸ ಹೋಗುತ್ತೆ ಅಕ್ಕಾ.”

“ಬರಿ.”

ಟೈಪ್ ಮಾಡತೊಡಗಿದಳು. ಎಷ್ಟು ಸಲೀಸು ಆ ಬೆರಳುಗಳು. ಈಗಲೂ ಉರಿಯಿತು, ಸುಳ್ಳೇಕೆ. ನನ್ನ ಹೆಸರು ಬರುವಲ್ಲಿ ನಿಂತವು.

“ಪೂರ್ತಿ ಹಾಕೇ,” ಅಂದೆ. “ನಿನ್ನ ವರದೀಲಿ ಮೊದಲ ಸಲ ಬರ್ತಿದೆ. ಅದನ್ನಾದರೂ ಸರಿಯಾಗಿ—”