ಸ್ಲೇಟರ್‌ಗಳ ನಡುವೆ ನಮ್ಮ ಮುತ್ತಜ್ಜ

ಅಕ್ಕನ ಮಗಳು ಐಲಾಗೆ ವಾಟಿ ಮಾವನ ಆಶೀರ್ವಾದ.

ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಇಡೀ ಸ್ಕಾಟ್ಲೆಂಡಿನ ಯಾವ ಗೋರಿಯನ್ನಾದರೂ ಮೂಸಿ ನೋಡಿಯೇ ಹುಡುಕಬಲ್ಲ ಗಂಡಸು ನಾನೊಬ್ಬನೇ. ಆದರೂ ನಿನ್ನ ಅಮ್ಮ ಸಾಯುವಾಗ "ನನ್ನ ಬೂದೀನ ಮುತ್ತಜ್ಜನ ಪಕ್ಕದಲ್ಲೇ ಇಡಿ" ಅಂದಳಲ್ಲ, ಆ ಮಹಾನುಭಾವನನ್ನು ಹುಡುಕಿ ಹುಡುಕಿ ನನ್ನ ಸೊಂಟ ಬಿದ್ದುಹೋಯಿತು. ನಮ್ಮ ಮೀನುಗಾರರ ಊರಲ್ಲಿ ಬದುಕಿದವರೂ ಸ್ಲೇಟರ್, ಸತ್ತವರೂ ಸ್ಲೇಟರ್. ಇಗರ್ಜಿಯ ಹಿಂದೆ ಅಲೆಕ್ಸಾಂಡರ್ ಸ್ಲೇಟರ್‌ಗಳೇ ಒಂದು ದೋಣಿ ತುಂಬುವಷ್ಟು ಮಲಗಿದ್ದಾರೆ. ಕಲ್ಲಿನ ಮೇಲೆ ಕೆತ್ತಿದ ಅಡ್ಡಹೆಸರೊಂದೇ ಗುರುತು. ನಮ್ಮವನದು 'ರಾಜ' ಅಂತ ನಾನು ಊರಿಗೆಲ್ಲ ಸಾರಿದ್ದೆ. ನಿನ್ನ ಅಮ್ಮನನ್ನು ಕೇಳಿದರೆ ನಗುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ರಾಜ ಅನ್ನುವ ಕಲ್ಲು ಒಂದೂ ಇಲ್ಲ!

ಇಗರ್ಜಿಯ ಪಕ್ಕದ ಮನೆಯ ಬೆಲ್ಲಾ ಮುದುಕಿ ಗೋಡೆಯಾಚೆಯಿಂದ ಕೂಗಿದಳು: "ರಾಜನಂತೆ ರಾಜ! ನಿಮ್ಮ ಮುತ್ತಜ್ಜನ ಅಡ್ಡಹೆಸರು ಬಡಾಯಿ ಕಣೋ. ಪಂದ್ಯ ಕಟ್ತೀಯಾ?"

ಕಟ್ಟಿದೆ. ಮೂಲೆಯ ಕಲ್ಲಿನ ಪಾಚಿ ಕೆರೆದೆ. ಹಾಳಾದ್ದು, ಒಂದಕ್ಷರವೂ ಸವೆದಿರಲಿಲ್ಲ: ಅಲೆಕ್ಸಾಂಡರ್ ಸ್ಲೇಟರ್, 'ಬಡಾಯಿ'. ಕೆಳಗೆ ಮುತ್ತಜ್ಜಿ ಎಲ್ಸ್‌ಪೆತ್ ಹೆಸರೂ ಇದೆ, ಅನುಮಾನವೇ ಇಲ್ಲ.

"ನಿಮ್ಮಕ್ಕ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು," ಅಂದಳು ಆ ಮೂದೇವಿ. ಅದೊಂದು ಮಾತು ಮಾತ್ರ ನಿಜ.

ಶನಿವಾರ ಬೂದಿಯ ಕರಡಿಗೆಯಲ್ಲಿರುವ ಅಮ್ಮನನ್ನು ಕರೆದುಕೊಂಡು ಬಾ. ಕಲ್ಲು ತೊಳೆದಿಟ್ಟಿದ್ದೇನೆ. ಒಳ್ಳೆಯ ಬೂಟು ಹಾಕಬೇಡ, ಕೆಸರಿದೆ. ಪಂದ್ಯದಲ್ಲಿ ಐದು ಪೌಂಡ್ ಹೋಯಿತು ಅಂತ ನಿನ್ನ ಅತ್ತೆಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು.

ಇಂತಿ ನಿನ್ನ ಮಾವ,
ವಾಟಿ 'ಬಡಾಯಿ' ಸ್ಲೇಟರ್

ನಿಜಕ್ಕೂ ಹೋದದ್ದು ಎಂಬತ್ತು.