ಹುಣಸೆ ಮಂಡಿಯ ಟ್ರಾನ್ಸಿಸ್ಟರುಗಳು

ಹಿಂದೂಪುರ, ೮ ಮಾರ್ಚ್ ೧೯೬೫, ಬೆಳಗ್ಗೆ

ಮತ್ತೆ ನನ್ನ ಬೆಂಚಿನ ಮೇಲೆ ಹುಣಸೆ ಮೂಟೆ. ಇಳಿಸಿದೆ. ಹಲಗೆ ಒರೆಸಿದೆ. ಮೀಟರು, ಎರಡು ಟಾರ್ಚ್ ಸೆಲ್ಲು, ಮಧ್ಯೆ ಕರೆಂಟು ತಗ್ಗಿಸುವ ರೆಸಿಸ್ಟರು. ಅದು ತಪ್ಪಬಾರದು. ಅದಿಲ್ಲದೆ ನೇರವಾಗಿ ಕರೆಂಟು ಕೊಟ್ಟರೆ ಟ್ರಾನ್ಸಿಸ್ಟರು ಸತ್ತೇ ಹೋಗುತ್ತದೆ — ಹೊಗೆ ಕೂಡ ಬಾರದು. ನನಗೂ ಮಾವನಿಗೂ ಮಧ್ಯೆ ಅಂಥದ್ದೊಂದು ಇದ್ದಿದ್ದರೆ!

ಗಿರಿಯಪ್ಪ ಮಾವ ಬಾಗಿಲಲ್ಲೇ ನಿಂತು, "ಏಮಪ್ಪಾ ಅಲ್ಲುಡು, ನಿನ್ನ ಇಲ್ಲಟಂ ತಂದಿದ್ದು ಹುಣ್ಸೆಣ್ಣು ತೂಗಕ್ಕೆ ಕಣಪ್ಪ, ರೇಡಿಯೋ ಬಿಚ್ಚಕ್ಕಲ್ಲ" ಅಂದರು. ಗಂಡು ಮಕ್ಕಳಿಲ್ಲದ ಮನೆಗೆ ಮನೆಯಳಿಯನಾಗಿ ಬಂದವನು ನಾನು. ಕಲ್ಯಾಣದುರ್ಗದ ಹೊಲದ ಪಾಲು ಅಣ್ಣಂದಿರಿಗೆ ಬಿಟ್ಟುಕೊಟ್ಟೆ. ಹಿಂದಕ್ಕೆ ಹೋಗಲು ಮನೆಯಿಲ್ಲ. ಇದು ನನ್ನ ಮನೆಯಲ್ಲ.

೧೪ ಮಾರ್ಚ್

ಅದೃಷ್ಟ! ಕಲ್ಯಾಣದುರ್ಗದ ಲಕ್ಷ್ಮಣಪ್ಪ ಯುಗಾದಿಗೆ ಅಲ್ಲೊಂದು ರೇಡಿಯೋ ಅಂಗಡಿ ತೆರೆಯುತ್ತಾರಂತೆ. ಮಂಡಿಗೇ ಬಂದು ಒಂದು ಡಬ್ಬಿ ಹಳೇ ಟ್ರಾನ್ಸಿಸ್ಟರು ಕೊಟ್ಟರು. "ಬದುಕಿರೋವು ಯಾವು, ಸತ್ತಿರೋವು ಯಾವು, ಟೆಸ್ಟ್ ಮಾಡ್ಕೊಂಡು ಬಂದು ನನ್ ಮುಂದೆ ತೋರ್ಸು. ಸರಿಯಿದ್ರೆ ರಿಪೇರಿ ಬೆಂಚು ನಿಂದೇ. ಹಿಂದ್ಗಡೆ ರೂಮೂ ನಿಂದೇ ಕಣಪ್ಪ."

೨೦ ಮಾರ್ಚ್, ಮಧ್ಯಾಹ್ನ

ಎಲ್ಲ ನೋಡಿ ಮುಗಿಯಿತು. ಹೆಚ್ಚಿನವು ಚೆನ್ನಾಗಿವೆ. ಸತ್ತವನ್ನು ಬೇರೆ ಪೊಟ್ಟಣ ಕಟ್ಟಿದೆ. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ, ಕೆಲಸ ಸಿಕ್ಕರೆ ಅಲ್ಲೇ ಸಂಸಾರ ಅಂತ ಹೆಂಡತಿ ರಂಗಲಕ್ಷ್ಮಮ್ಮನಿಗೆ ಹೇಳಿದೆ. ಡಬ್ಬಿಯನ್ನೇ ನೋಡುತ್ತಿದ್ದಳು. ಅಪ್ಪನನ್ನು ಬಿಟ್ಟು ಬರುವವಳಲ್ಲ...

೨೧ ಮಾರ್ಚ್, ವಾಪಸು ಬಸ್ಸಿನಲ್ಲಿ

ಲಕ್ಷ್ಮಣಪ್ಪನ ಮುಂದೆ ಮೀಟರಿಟ್ಟರೆ ಒಂದೂ ಸರಿಯಿಲ್ಲ. ಎಲ್ಲ ಲೀಕು, ಕರೆಂಟು ಸೋರುತ್ತಿದೆ. ಮುಳ್ಳು ಮನಸ್ಸಿಗೆ ಬಂದಂತೆ ಓಡಿತು. "ಅನ್ನೀ ಪೋಯಿನಾಯಿ! ಎಲ್ಲಾ ಹೋಗವೆ! ಚೆನ್ನಾಗಿದ್ದೋವ್ನೂ ಸುಟ್ಕೊಂಡು ಬಂದ್ಬುಟ್ಟಲ್ಲಯ್ಯ!" ಡಬ್ಬಿ ನನ್ನ ಕಡೆಗೇ ತಳ್ಳಿದರು. ನಾಚಿಕೆಯಿಂದ ಎದ್ದು ಬಂದೆ.

ಈಗ ಒಂದನ್ನು ಎತ್ತಿ ನೋಡುತ್ತೇನೆ — ಕಾಲುಗಳು ಫಳಫಳ. ನಿನ್ನೆ ಹೀಗಿರಲಿಲ್ಲವಲ್ಲ? ನಾಲಿಗೆಗೆ ತಾಗಿಸಿದೆ. ಹುಳಿ. ಉಪ್ಪು.

ಅದೇ ದಿನ, ಸಂಜೆ

ಬೇಕೆಂದೇ ಮಾಡಿದ್ದಾಳೆ, ಅಪ್ಪನ ಮಗಳು! ಹಲ್ಲು ಕಚ್ಚಿಕೊಂಡೇ ಒಳಗೆ ಹೋದೆ. ಅವಳೇ ಮೊದಲು ಕೇಳಿದಳು. "ಏನಂದ್ರು? ಹಿತ್ತಾಳೆ ಚೊಂಬಿನಂಗೆ ಹೊಳೀತಿದ್ವಲ್ಲ? ಹುಣ್ಸೆಣ್ಣು ಉಪ್ಪು ಹಾಕಿ ಉಜ್ಜಿದ್ದೆ. ಹೊಸ ಊರ್ನಾಗೆ ನಮ್ಗೂ ಮರ್ಯಾದೆ ಬೇಡ್ವಾ?"

ನಮಗೂ ಅಂದಳು. ಹಿಂದೆ ಅವಳ ಟ್ರಂಕು. ಸೀರೆ, ದೇವರ ಪಟ, ಒಗ್ಗರಣೆ ಸೌಟು — ತುಂಬಿಯಾಗಿತ್ತು.

"ಇನ್ನೊಂದಿಷ್ಟು ದಿನ ಕಣೆ" ಅಂದೆ.

೨೯ ಮಾರ್ಚ್

ಸ್ಪಿರಿಟಿನಲ್ಲಿ ತೊಳೆದು ಒಣಗಿಸಿದೆ. ಕಾಲುಗಳ ಮಧ್ಯೆ ಅಂಟಿದ್ದ ಹುಳಿ, ಉಪ್ಪಿನಲ್ಲೇ ಕರೆಂಟು ಸೋರಿದ್ದು. ಬದುಕಿವೆ! ನನ್ನ ಲೆಕ್ಕವೇ ಸರಿ. ಹುಣಸೆ ಹಂಗಾಮು ಅಂತ ಮಾವ ನನ್ನನ್ನು ಹೋಗಲು ಬಿಡಲಿಲ್ಲ. ಬಸ್ ಕಂಡಕ್ಟರ್ ಪೋತಪ್ಪನ ಕೈಲಿ ಲಕ್ಷ್ಮಣಪ್ಪನಿಗೆ ಹೇಳಿಕಳಿಸಿದೆ. ಅವನೇ ಉತ್ತರ ತಂದ. "ಬೆಂಚಿಗೆ ಬೇರೆಯೋನು ಬಂದು ಕುಂತವ್ನೆ ಕಣಪ್ಪ."

೪ ಏಪ್ರಿಲ್

ಯುಗಾದಿ ಆಯಿತು. ಟ್ರಂಕು ಬಿಚ್ಚಿಲ್ಲ ಅವಳು. ಉಡಲು ಒಂದು ಸೀರೆ ತೆಗೆಯುತ್ತಾಳೆ, ಒಗೆದು ಮಡಿಸಿ ಅದರಲ್ಲೇ ಇಡುತ್ತಾಳೆ. ಯಾವಾಗ ಹೋಗೋದು ಅಂತ ಇವತ್ತೂ ಕೇಳಿದಳು. ಅಂಗಡಿ ಇನ್ನೂ ತೆರೆದಿಲ್ಲ ಅಂದೆ. ನಿಜ ಹೇಳಿದರೆ ಜೀವಮಾನವೆಲ್ಲ ಕೊರಗುತ್ತಾಳೆ.

ಹೊರಗೆ ಗಾಡಿ ಬಂದಿದೆ. ಮಾವ ತಕ್ಕಡಿಗೆ ಬಾ ಅಂತ ಕೂಗುತ್ತಿದ್ದಾರೆ. ಇವಳು ಬೆಂಚಿನ ಹತ್ತಿರ ಬಂದು ನಿಂತಿದ್ದಾಳೆ, ಕೈಯಲ್ಲಿ ಹುಣಸೆಹಣ್ಣಿನ ಬಟ್ಟಲು.

"ಡಬ್ಬೀಲಿರೋವು ಮಂಕಾಗವೆ ನೋಡಿ. ಅಂಗಡಿ ತೆರೆಯೋವೊತ್ಗೆ ಇನ್ನೊಂದ್ಸಲ ಉಜ್ಜಿಡ್ಲಾ?"

ಬೇಡ ಅಂತ ಹೇಗೆ ಹೇಳಲಿ? ಯಾಕೆ ಅಂತ ಕೇಳುತ್ತಾಳೆ —