ಖಡ್ಗದ ಆಟಕ್ಕೆ ಕೃಷಿಯ ಕಪಾಟು

ನವೆಂಬರ್ ೧೨, ಒಸಾಕಾ

ಇಂದು ನಾನೊಂದು ಘೋರ ಅಪರಾಧ ಎಸಗಿದೆ: ನಮ್ಮ ಹಳೇ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ಆಟವನ್ನು ಕೃಷಿಯ ಕಪಾಟಿನಿಂದ ಅಪಹರಿಸಿ ಕಾಳಗದ ಕಪಾಟಿಗೆ ಸಾಗಿಸಿದೆ. ಡಬ್ಬಿಯ ಹಿಂದೆ ತಯಾರಕರೇ ಹೊಸೆದ ಪ್ರಕಾರದ ಹೆಸರು: ‘ಹೃದಯಸ್ಪರ್ಶಿ ಖಡ್ಗ-ಕೃಷಿ ಸಾಹಸ’. ಪ್ರತಿ ಆಟಕ್ಕೂ ಹೀಗೊಂದು ನಾಮಕರಣ. ಓದಿದರೆ ಓಕರಿಕೆ ಬರುತ್ತದೆ.

ಯಜಮಾನ ತ್ಸುಕುದಾ ಹಿಡಿದೇಬಿಟ್ಟರು. “ಏನಪ್ಪಾ ಹಿರಾಓಕಾ, ಮತ್ತೆ ನಿನ್ನ ಕೈಚಳಕಾನಾ? ಇನ್ನೊಂದ್ಸಲ ಮುಟ್ಟಿದ್ರೆ ನಿನ್ನನ್ನೇ ಬೀದಿಗಿಡ್ತೀನಿ!”

“ಖಡ್ಗ ಇದ್ಮೇಲೆ ಕಾಳಗಾನೇ, ಯಜಮಾನ್ರೇ. ಐದು ನಿಮಿಷ ಆಡಿದ್ರೆ ಯಾವ ಆಟದ ಜಾತಕಾನಾದ್ರೂ ಹೇಳ್ತೀನಿ.”

“ಇದ್ರಲ್ಲಿ ಎಷ್ಟು ರಾಕ್ಷಸರನ್ನ ಕೊಂದೆ?”

“ಲೆಕ್ಕವೇ ಇಲ್ಲ” ಎಂದೆ.

ಕೆಲಸ ಉಳಿಯಿತು, ಆಟ ಮಾತ್ರ ಕೃಷಿಗೇ ಮರಳಿತು. ಅಸಹ್ಯ! ಆದರೆ ಅದೇ ಆಟವನ್ನು ತಿಂಗಳಿಂದ ಆಡುತ್ತಿರುವ ನಾನು ಖಡ್ಗವನ್ನು ಇನ್ನೂ ಒರೆಯಿಂದಲೇ ತೆಗೆದಿಲ್ಲ. ಮಲಗುವ ಮುನ್ನ ಆಟದ ಹೊಲದ ಮೂಲಂಗಿಗೆ ನೀರುಣಿಸಬೇಕು, ಇಲ್ಲದಿದ್ದರೆ ಪಾಪ, ಬಾಡಿ...